ಉರುಳೆಯ ಮೇಲಿನ ಓಟವೂ ಎರೆನೆಲದ ಹಾದಿಯೂ

ವಿದ್ಯುತ್ ದ್ವಿಚಕ್ರ ವಾಹನಗಳ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ಒಂದು ಸಂಖ್ಯೆ. ಒಮ್ಮೆ ಚಾರ್ಜು ಮಾಡಿದರೆ ವಾಹನ ಇಷ್ಟು ಕಿಲೋಮೀಟರು ಓಡುತ್ತದೆಂಬುದು ಅದರ ಅರ್ಥ. ಸಂಖ್ಯೆಯ ಕೆಳಗೆ ಬೆಲೆ, ಬೆಲೆಯ ಕೆಳಗೆ ಷರತ್ತು. ಆ ಸಂಖ್ಯೆ ಯಾವ ಸ್ಥಿತಿಯಲ್ಲಿ ಅಳೆದದ್ದೆಂದು ಹೇಳುವ ಷರತ್ತಂತೂ ಭೂತಗನ್ನಡಿಯಿಲ್ಲದೆ ಓದಲಾಗದಷ್ಟು ಸಣ್ಣದು. ಬಳ್ಳಾರಿ ನಗರದ ಜೀನ್ಸ್ ಹೊಲಿಗೆಯ ಕಾರ್ಮಿಕ, ಸಿರುಗುಪ್ಪದ ಭತ್ತದ ರೈತ, ಕುರುಗೋಡಿನಿಂದ ಬಳ್ಳಾರಿಯ ಕಾಲೇಜಿಗೆ ಬರುವ ವಿದ್ಯಾರ್ಥಿ, ಮೂವರೂ ಸಾಲ ಮಾಡಿಯೋ ಕಂತು ಕಟ್ಟಿಯೋ ವಾಹನವನ್ನು ಮನೆಗೆ ತರುವುದು ಆ ದೊಡ್ಡ ಸಂಖ್ಯೆಯನ್ನು ನಂಬಿ. ಆ ನಂಬಿಕೆಗೆ ಆಧಾರವಾದ ಪರೀಕ್ಷೆಯಲ್ಲಾಗಲಿ, ಪರೀಕ್ಷೆಯ ಫಲವನ್ನು ಹೊಗಳಿ ಬರೆಯುವ ವಿಮರ್ಶೆಗಳಲ್ಲಾಗಲಿ, ಈ ಮೂವರಲ್ಲಿ ಒಬ್ಬರ ಬದುಕೂ ಲೆಕ್ಕಕ್ಕೆ ಬಂದಿಲ್ಲ.

ಬಯಲುಸೀಮೆಯ ಈ ಸಂಗತಿಗೂ ಮಲೆನಾಡಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ ಹರಿಯುವ ನೀರೇ ಕಾಲುವೆಗಳ ಮೂಲಕ ಸಿರುಗುಪ್ಪದ ಗದ್ದೆಗಳನ್ನು ತಣಿಸುತ್ತದೆ. ಶರಾವತಿಯ ಕಣಿವೆಯನ್ನು ಮುಳುಗಿಸಿ ಪಡೆದ ವಿದ್ಯುತ್ತು ಬಳ್ಳಾರಿಯ ಮನೆಗಳಿಗೂ ಹರಿಯುತ್ತದೆ. ನೀರು, ವಿದ್ಯುತ್ತು, ಅದಿರು ಇವುಗಳ ವಿಷಯದಲ್ಲಿ ಘಟ್ಟಕ್ಕೂ ಬಯಲಿಗೂ ಒಂದೇ ಲೆಕ್ಕದ ಪುಸ್ತಕ. ಎರಡೂ ಕಡೆಯ ಜನ ಅನುಭವಿಸುತ್ತಿರುವ ಅನ್ಯಾಯವೂ ಒಂದೇ: ದೂರದಲ್ಲಿ ಯಾರೋ ಅಳೆದ ಅಳತೆಯನ್ನು ಸ್ಥಳೀಯರು ತಲೆಬಾಗಿ ಒಪ್ಪಬೇಕಾಗಿರುವುದು.

ಅಳತೆ ನಡೆಯುವುದು ಎಲ್ಲಿ?

ಭಾರತದಲ್ಲಿ ವಿದ್ಯುತ್ ವಾಹನವೊಂದು ಮಾರುಕಟ್ಟೆಗೆ ಬರುವ ಮುನ್ನ ಮಾನ್ಯತೆ ಪಡೆದ ಸಂಸ್ಥೆಯೊಂದರಿಂದ ಪ್ರಮಾಣಪತ್ರ ಪಡೆಯಬೇಕು. ಅವುಗಳಲ್ಲಿ ಹೆಸರಾದುದು ಪುಣೆಯ ಭಾರತೀಯ ವಾಹನ ಸಂಶೋಧನಾ ಸಂಘ, ಅಂದರೆ ಎಆರ್‌ಎಐ. ವಾಹನೋದ್ಯಮವೂ ಸರ್ಕಾರವೂ ಸೇರಿ 1966ರಲ್ಲಿ ಕಟ್ಟಿದ ಸಂಸ್ಥೆ ಇದು. ಪರೀಕ್ಷೆಗೆ ಕೂರುವವರೇ ಪರೀಕ್ಷಾ ಮಂದಿರವನ್ನು ಕಟ್ಟಲು ಕೈಜೋಡಿಸಿದ್ದಾರೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಇದರಿಂದ ಅಲ್ಲಿನ ತಂತ್ರಜ್ಞರ ಪ್ರಾಮಾಣಿಕತೆಗೆ ಕುಂದಿಲ್ಲ. ಪ್ರಶ್ನೆ ಇರುವುದು ಅವರ ಕೈಗೆ ಕೊಟ್ಟಿರುವ ಅಳತೆಗೋಲಿನ ಬಗ್ಗೆ.

ಆ ಅಳತೆಗೋಲಿನ ಹೆಸರು ಭಾರತೀಯ ಚಾಲನಾ ಚಕ್ರ. 1980ರ ದಶಕದ ನಗರ ಸಂಚಾರವನ್ನು ಆಧರಿಸಿ ರೂಪಿಸಿದ ಇದರ ಒಂದು ಆವರ್ತನದ ಅವಧಿ 108 ಸೆಕೆಂಡು. ಅಷ್ಟರಲ್ಲಿ ವಾಹನ ಹಲವು ಬಾರಿ ವೇಗ ಪಡೆದು, ಇಳಿಸಿ, ಕೊನೆಗೆ ನಿಲ್ಲುತ್ತದೆ. ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರು, ಸರಾಸರಿ ವೇಗ ಸುಮಾರು 22 ಕಿಲೋಮೀಟರು. ವಾಹನ ಓಡುವುದು ರಸ್ತೆಯ ಮೇಲಲ್ಲ, ಪ್ರಯೋಗಾಲಯದ ಉರುಳೆಯ ಮೇಲೆ. ಕೋಣೆಯ ಉಷ್ಣಾಂಶ ಸಾಮಾನ್ಯವಾಗಿ 20ರಿಂದ 30 ಡಿಗ್ರಿಯ ನಡುವೆ. ಸವಾರ ಒಬ್ಬನೇ, ಅವನ ತೂಕವೆಂದು ಹಿಡಿಯುವುದು 75 ಕಿಲೋ. ಬ್ಯಾಟರಿ ಹೊಸದು. ಗುಂಡಿಯಿಲ್ಲ, ಏರಿಲ್ಲ, ಎದುರುಗಾಳಿಯಿಲ್ಲ, ಹಿಂದೆ ಕುಳಿತವರಿಲ್ಲ, ಕಾಲ ಬಳಿ ಚೀಲವಿಲ್ಲ. ರಸ್ತೆಯ ಮತ್ತು ಗಾಳಿಯ ಪ್ರತಿರೋಧವನ್ನು ಯಂತ್ರ ಲೆಕ್ಕಹಾಕಿ ಅನುಕರಿಸುತ್ತದೆ. ಬ್ಯಾಟರಿ ಬರಿದಾಗುವವರೆಗೆ ಈ ಚಕ್ರವನ್ನು ಮತ್ತೆ ಮತ್ತೆ ತಿರುಗಿಸಿ, ಬಂದ ದೂರವನ್ನು ಬರೆದುಕೊಳ್ಳುತ್ತಾರೆ. ಜಾಹೀರಾತಿನ ದೊಡ್ಡ ಸಂಖ್ಯೆ ಹುಟ್ಟುವುದು ಹೀಗೆ.

ಈ ಸಂಖ್ಯೆಯ ಹಿಂದೆ ಸಾರ್ವಜನಿಕರ ಹಣವೂ ಹರಿದಿದೆ. 2019ರ ಏಪ್ರಿಲಿನಲ್ಲಿ 10,000 ಕೋಟಿ ರೂಪಾಯಿಗಳೊಂದಿಗೆ ಆರಂಭವಾದ ಕೇಂದ್ರದ ಫೇಮ್ ಎರಡನೆಯ ಹಂತದ ಯೋಜನೆಯಲ್ಲಿ ದ್ವಿಚಕ್ರ ವಾಹನವು ಸಹಾಯಧನಕ್ಕೆ ಅರ್ಹವಾಗಲು ಕನಿಷ್ಠ 80 ಕಿಲೋಮೀಟರು ಓಡಬೇಕೆಂಬ ನಿಬಂಧನೆಯಿತ್ತು. ಆ 80 ಕಿಲೋಮೀಟರಿಗೂ ಉರುಳೆಯ ಮೇಲಿನ ಓಟವೇ ಸಾಕ್ಷಿ. ಅಂದರೆ ಬಳ್ಳಾರಿಯ ಬಿಸಿಲಿನಲ್ಲಿ ಅಷ್ಟು ದೂರ ಓಡದ ವಾಹನಕ್ಕೂ ಬಳ್ಳಾರಿಯ ಜನ ಕಟ್ಟಿದ ತೆರಿಗೆಯಿಂದ ಸಹಾಯಧನ ಸಂದಿರಬಹುದು.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ

ಬೆಂಗಳೂರಿನ ಏಥರ್ ಕಂಪನಿ 2022ರ ಜುಲೈನಲ್ಲಿ ಬಿಡುಗಡೆ ಮಾಡಿದ 450ಎಕ್ಸ್ ಮಾದರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 3.7 ಯೂನಿಟ್ ಸಾಮರ್ಥ್ಯದ ಅದರ ಬ್ಯಾಟರಿಗೆ ಪ್ರಮಾಣೀಕೃತ ದೂರ 146 ಕಿಲೋಮೀಟರು. ಆದರೆ ಸವಾರನಿಗೆ ನಿಜವಾಗಿ ದೊರೆಯುವ ದೂರ 105 ಕಿಲೋಮೀಟರು ಎಂದು ಕಂಪನಿಯೇ ಬೇರೆಯಾಗಿ ಪ್ರಕಟಿಸಿತು. ಎರಡು ಸಂಖ್ಯೆಗಳನ್ನೂ ಮುಂದಿಟ್ಟ ಆ ನಡೆ ಮೆಚ್ಚತಕ್ಕದ್ದೇ. ಆದರೆ ಅದರಲ್ಲಿಯೇ ಒಂದು ತಪ್ಪೊಪ್ಪಿಗೆಯೂ ಅಡಗಿದೆ. ಸರ್ಕಾರಿ ಮುದ್ರೆ ಬಿದ್ದ ಸಂಖ್ಯೆಗಿಂತ ತಯಾರಕನೇ ನಂಬುವ ಸಂಖ್ಯೆ 41 ಕಿಲೋಮೀಟರು ಕಡಿಮೆ. ಹಾಗಾದರೆ ಆ ಮುದ್ರೆ ಯಾರ ಉಪಯೋಗಕ್ಕೆ?

ಬಳ್ಳಾರಿಯಿಂದ ತೆಕ್ಕಲಕೋಟೆಯ ಮೂಲಕ ಸಿರುಗುಪ್ಪಕ್ಕೆ ದೂರ 55 ಕಿಲೋಮೀಟರಿಗೆ ಕಡಿಮೆಯಿಲ್ಲ. ಹೋಗಿ ಬರಲು 110 ದಾಟುತ್ತದೆ. 146 ಎಂಬ ಸಂಖ್ಯೆಯನ್ನು ನಂಬಿದ ರೈತ ನಿಶ್ಚಿಂತನಾಗಿ ಹೊರಡುತ್ತಾನೆ. 105 ಎಂಬುದನ್ನು ಅರಿತವನು ಹೊರಡುವ ಮುನ್ನವೇ ಸಿರುಗುಪ್ಪದಲ್ಲಿ ಚಾರ್ಜು ಮಾಡಲು ಬಂಧುಗಳ ಮನೆಯನ್ನು ಹುಡುಕುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ಕೇವಲ ಅಂಕಿಯದಲ್ಲ. ಒಬ್ಬನು ಸಂಜೆ ಮನೆ ಸೇರುತ್ತಾನೆ, ಇನ್ನೊಬ್ಬನು ಕತ್ತಲಲ್ಲಿ ನೂರು ಕಿಲೋಗೂ ಮಿಗಿಲಾದ ವಾಹನವನ್ನು ತಳ್ಳುತ್ತಾನೆ.

ತೆರೆದ ರಸ್ತೆಯಲ್ಲಿ ಯಾರೂ ಗಂಟೆಗೆ 22 ಕಿಲೋಮೀಟರಿನ ಸರಾಸರಿಯಲ್ಲಿ ಹೋಗುವುದಿಲ್ಲ. ಲಾರಿಗಳ ನಡುವೆ 50–60ರ ವೇಗ ಅನಿವಾರ್ಯ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 40ರ ವೇಗದಲ್ಲಿ ಇರುವ ತಡೆ 60ರಲ್ಲಿ ಎರಡೂಕಾಲು ಪಟ್ಟಾಗುತ್ತದೆ. ಹಿಂದೆ ಹೆಂಡತಿ, ಮುಂದೆ ಗೊಬ್ಬರದ ಚೀಲ ಅಥವಾ ಔಷಧಿಯ ಡಬ್ಬಿ ಇದ್ದರೆ ಹೊರೆ ಇಮ್ಮಡಿಸುತ್ತದೆ. ಬೇಸಗೆಯಲ್ಲಿ ಬಳ್ಳಾರಿಯ ಉಷ್ಣಾಂಶ 40 ಡಿಗ್ರಿಯನ್ನು ಮೀರುವುದು ಪ್ರತಿವರ್ಷದ ಸಂಗತಿ. ಡಾಂಬರಿನ ಮೇಲೆ ಅದು ಇನ್ನೂ ಹೆಚ್ಚು. ಬ್ಯಾಟರಿ ಹೆಚ್ಚು ಬಿಸಿಯಾದರೆ ವಾಹನದ ನಿಯಂತ್ರಣ ವ್ಯವಸ್ಥೆ ತಾನಾಗಿಯೇ ಶಕ್ತಿಯನ್ನು ತಗ್ಗಿಸುತ್ತದೆ. ತಗಡಿನ ಛಾವಣಿಯ ಕೆಳಗೆ, ಏರಿಳಿಯುವ ವೋಲ್ಟೇಜಿನಲ್ಲಿ ಚಾರ್ಜಾಗುವ ಬ್ಯಾಟರಿಯ ಆಯುಷ್ಯ ಪುಣೆಯ ಕೋಣೆಯ ಬ್ಯಾಟರಿಯ ಆಯುಷ್ಯಕ್ಕೆ ಸಮವಾಗುವುದಿಲ್ಲ. ರಾಸಾಯನಿಕ ಕ್ರಿಯೆಗಳೆಲ್ಲ ಶಾಖಕ್ಕೆ ವೇಗ ಪಡೆಯುತ್ತವೆ, ಬ್ಯಾಟರಿಯ ಸವೆತವೂ ಅಂಥದೊಂದು ರಾಸಾಯನಿಕ ಕ್ರಿಯೆಯೇ.

ಇನ್ನು ವಯಸ್ಸಿನ ಲೆಕ್ಕ. ಮೂಲ ಸಾಮರ್ಥ್ಯದ ಶೇ. 70ಕ್ಕೆ ಇಳಿಯುವವರೆಗೂ ಬ್ಯಾಟರಿ ಸುಸ್ಥಿತಿಯಲ್ಲಿದೆ ಎಂಬುದು ವಾರಂಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. 105ರ ಶೇ. 70 ಎಂದರೆ ಸುಮಾರು 73 ಕಿಲೋಮೀಟರು. ಕೊಂಡ ಹೊಸತರಲ್ಲಿ ಸಿರುಗುಪ್ಪಕ್ಕೆ ಹೋಗಿ ಬಹುತೇಕ ಹಿಂತಿರುಗುವ ವಾಹನ ಕೆಲವು ವರ್ಷಗಳ ನಂತರ ಸುಮಾರು 28 ಕಿಲೋಮೀಟರಿನ ಕುರುಗೋಡಿಗೆ ಮಾತ್ರ ಹೋಗಿ ಬರಬಲ್ಲುದು. ಕಂಪನಿಯ ಕಾಗದದ ಪ್ರಕಾರ ಅದರಲ್ಲಿ ಯಾವ ದೋಷವೂ ಇಲ್ಲ. ರೈತನ ಪ್ರಕಾರ ಅರ್ಧ ತಾಲ್ಲೂಕೇ ಕೈತಪ್ಪಿದೆ. ಕಂತು ಮಾತ್ರ ಮೊದಲಿನಷ್ಟೇ.

ಘಟ್ಟದ ಲೆಕ್ಕ ಬೇರೆ

ಬಯಲಿನಲ್ಲಿ ಬಿಸಿಲಾದರೆ ಮಲೆನಾಡಿನಲ್ಲಿ ಏರು ಮತ್ತು ಮಳೆ. ವಾಹನ ಮತ್ತು ಇಬ್ಬರು ಸವಾರರು ಸೇರಿ 250 ಕಿಲೋ ತೂಕ 600 ಮೀಟರು ಎತ್ತರವನ್ನು ಏರಬೇಕಾದರೆ ಭೌತಶಾಸ್ತ್ರದ ಸರಳ ಲೆಕ್ಕದಲ್ಲಿಯೇ 0.41 ಯೂನಿಟ್ ಶಕ್ತಿ ಬೇಕು. ಮೋಟಾರಿನ ನಷ್ಟವನ್ನು ಸೇರಿಸಿದರೆ ಸುಮಾರು ಅರ್ಧ ಯೂನಿಟ್. ಮೇಲೆ ಹೇಳಿದ ಬ್ಯಾಟರಿಯಲ್ಲಿ ಇದು ಏಳನೆಯ ಒಂದು ಪಾಲಿಗೆ ಹತ್ತಿರ. ಸಮತಟ್ಟಿನಲ್ಲಿ 14 ಕಿಲೋಮೀಟರು ಓಡಿಸಬಹುದಾದ ಶಕ್ತಿ ಒಂದು ಘಟ್ಟದ ಏರಿಗೆ ಹೆಚ್ಚುವರಿಯಾಗಿ ವ್ಯಯವಾಗುತ್ತದೆ. ಭಾರತೀಯ ಚಾಲನಾ ಚಕ್ರದಲ್ಲಿ ಏರು ಎಂಬ ಪದವೇ ಇಲ್ಲ.

ಇಳಿಯುವಾಗ ಶಕ್ತಿ ಮರಳಿ ಬ್ಯಾಟರಿಗೆ ಸೇರುತ್ತದೆ ಎಂಬುದು ಮಾರಾಟಗಾರರ ಉತ್ತರ. ಒಂದು ಭಾಗ ಸೇರುವುದು ನಿಜ. ಆದರೆ ಘಟ್ಟದ ಮೇಲಿನ ಮನೆಯಲ್ಲಿ ರಾತ್ರಿಯಿಡೀ ಚಾರ್ಜು ಮಾಡಿ ಬೆಳಿಗ್ಗೆ ಕರಾವಳಿಗೆ ಇಳಿಯುವವನ ಬ್ಯಾಟರಿ ಆಗಲೇ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸುವುದಿಲ್ಲ. ಆಗ ಮೋಟಾರಿನ ತಡೆಯ ನೆರವು ದೊರೆಯದೆ ಇಡೀ ಇಳಿಜಾರಿನ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯ ತಿರುವುಗಳಲ್ಲಿ ಇದು ಕೇವಲ ಇಂಧನ ಮಿತವ್ಯಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಇಂತಹ ಸ್ಥಿತಿಯನ್ನು ದೂರದ ಪರೀಕ್ಷೆ ಅಳೆಯುವುದಿಲ್ಲ, ಮಾರಾಟಗಾರ ಹೇಳುವುದಿಲ್ಲ.

ನೀರಿನ ಪರೀಕ್ಷೆಯೂ ಹಾಗೆಯೇ. ಐಪಿ 67 ಎಂಬ ಗುರುತಿನ ಅರ್ಥ ಧೂಳು ಒಳಹೋಗದು, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ನೀರು ಸೇರದು ಎಂದು. ಹೊಸ ಪೆಟ್ಟಿಗೆಗೆ, ಶುದ್ಧ ನೀರಿನಲ್ಲಿ ನಡೆಯುವ ಪರೀಕ್ಷೆ ಅದು. ಬಳ್ಳಾರಿಯ ವಾರ್ಷಿಕ ಮಳೆ 500 ಮಿಲಿಮೀಟರಿನ ಆಸುಪಾಸು, ಆಗುಂಬೆಯದು 7,000ಕ್ಕೂ ಮಿಗಿಲು. ಮೂರು ಮಳೆಗಾಲ ನೆನೆದ ರಬ್ಬರ್ ಪಟ್ಟಿ, ಗುಂಡಿಗಳಲ್ಲಿ ಕುಲುಕಿ ಸಡಿಲಾದ ತಿರುಪು, ಸಿರುಗುಪ್ಪದ ಎರೆಮಣ್ಣು ಒಣಗಿ ಕಚ್ಚಿಕೊಂಡ ಚಕ್ರ, ಬಳ್ಳಾರಿಯ ಅದಿರಿನ ಕೆಂಧೂಳು ಇವುಗಳ ಮುಂದೆ ಅದೇ ಗುರುತು ಎಷ್ಟು ದಿನ ನಿಲ್ಲುತ್ತದೆ?

ಭತ್ತಕ್ಕೊಂದು ನ್ಯಾಯ, ಬ್ಯಾಟರಿಗೊಂದು ನ್ಯಾಯ

ಪರೀಕ್ಷೆಗೆ ಏಕರೂಪದ ಸ್ಥಿತಿ ಬೇಕು, ಇಲ್ಲವಾದರೆ ಒಂದು ವಾಹನವನ್ನು ಇನ್ನೊಂದರೊಡನೆ ಹೋಲಿಸುವುದು ಹೇಗೆ ಎಂಬ ವಾದವಿದೆ. ಈ ವಾದದಲ್ಲಿ ಹುರುಳಿದೆ. ಒಂದು ಬ್ಯಾಟರಿ ಮತ್ತೊಂದಕ್ಕಿಂತ ಮೇಲೆಂದು ತಿಳಿಯಲು ಒಂದೇ ಕೋಣೆ, ಒಂದೇ ಉರುಳೆ ಬೇಕು. ಆದರೆ ಹೋಲಿಕೆಗೆಂದು ಮಾಡಿದ ಅಳತೆಯನ್ನು ವಾಗ್ದಾನವಾಗಿ ಮಾರಬಾರದು. ಕೃಷಿ ವಿಜ್ಞಾನ ಈ ಪಾಠವನ್ನು ಕಲಿತು ಅರ್ಧ ಶತಮಾನಕ್ಕೂ ಹೆಚ್ಚಾಯಿತು.

ಭತ್ತದ ಹೊಸ ತಳಿಯೊಂದು ಸಂಶೋಧನಾ ಕೇಂದ್ರದ ತಾಕಿನಲ್ಲಿ ಎಷ್ಟೇ ಇಳುವರಿ ಕೊಟ್ಟರೂ ಅದನ್ನು ಅಂದೇ ರೈತರಿಗೆ ಬಿಡುಗಡೆ ಮಾಡುವುದಿಲ್ಲ. 1965ರಲ್ಲಿ ಹೈದರಾಬಾದಿನಲ್ಲಿ ನೆಲೆಗೊಂಡ ಅಖಿಲ ಭಾರತ ಸಮನ್ವಿತ ಭತ್ತ ಸುಧಾರಣಾ ಯೋಜನೆಯಡಿ ಅದು ಒಂದು ವರ್ಷ ಆರಂಭಿಕ ಪ್ರಯೋಗ, ನಂತರ ಎರಡು ವರ್ಷ ಮುಂದುವರಿದ ಪ್ರಯೋಗ ಎಂದು ದೇಶದ ಹಲವು ಮಣ್ಣುಗಳಲ್ಲಿ, ಹಲವು ಹವೆಗಳಲ್ಲಿ ಬೆಳೆಯಬೇಕು. ಪ್ರತಿ ತಾಕಿನಲ್ಲಿ ಪುನರಾವರ್ತನೆ ಇರಬೇಕು. ಪಕ್ಕದಲ್ಲಿ ರೈತರು ಬಲ್ಲ ತಳಿಯೊಂದನ್ನು ಹೋಲಿಕೆಗೆ ಬಿತ್ತಿರಬೇಕು. ಅದಾದ ಮೇಲೂ ಕೃಷಿ ವಿಜ್ಞಾನ ಕೇಂದ್ರಗಳು ರೈತನ ಹೊಲದಲ್ಲಿ, ರೈತನ ಕೈಯಿಂದಲೇ ಪ್ರಾತ್ಯಕ್ಷಿಕೆ ನಡೆಸುತ್ತವೆ. ಏಕೆಂದರೆ ಕಾಲುವೆಯ ಮೇಲ್ಭಾಗದಲ್ಲಿ ತೂಗುವ ತಳಿ ಕೊನೆಯಂಚಿನ ಸವುಳು ಮಣ್ಣಿನಲ್ಲಿ ಸೊರಗಬಹುದು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದ ಸುತ್ತಲಿನ ಯಾವ ರೈತನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೇಂದ್ರದ ಇಳುವರಿ ಬೇರೆ, ತನ್ನ ಹೊಲದ ಇಳುವರಿ ಬೇರೆ ಎಂದು ಅವನು ಬಲ್ಲ, ವಿಜ್ಞಾನಿಯೂ ಬಲ್ಲ. ಇಬ್ಬರೂ ಅದನ್ನು ಮುಚ್ಚಿಡುವುದಿಲ್ಲ.

ಒಂದು ಹಂಗಾಮಿನ ಬಿತ್ತನೆ ಬೀಜಕ್ಕೆ ಮೂರು ವರ್ಷಗಳ, ಹಲವು ಸ್ಥಳಗಳ ಪರೀಕ್ಷೆ. ಅದಕ್ಕಿಂತ ಅನೇಕ ಪಟ್ಟು ಬೆಲೆಯ, ವರ್ಷಗಟ್ಟಲೆ ಬಾಳಬೇಕಾದ ವಾಹನದ ದೂರಕ್ಕೆ ಒಂದು ಕೋಣೆಯ ಪರೀಕ್ಷೆ. ಇದಾವ ನ್ಯಾಯ?

ಹೊರದೇಶಗಳು ಈ ಅಂತರವನ್ನು ಒಪ್ಪಿಕೊಂಡು ವರ್ಷಗಳೇ ಕಳೆದಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಿದ್ಯುತ್ ಕಾರುಗಳ ಪ್ರಯೋಗಾಲಯದ ದೂರವನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ ಗ್ರಾಹಕನ ಮುಂದಿಡುತ್ತದೆ. ಮೇಲಿನ 146ನ್ನು 0.7ರಿಂದ ಗುಣಿಸಿದರೆ ಸಿಗುವುದು 102, ಕಂಪನಿಯೇ ಒಪ್ಪಿದ 105ಕ್ಕೆ ಬಲು ಹತ್ತಿರ. ಹಾಗೆ ಗುಣಿಸಲು ಯಾವ ಹೊಸ ಯಂತ್ರವೂ ಬೇಡ, ಮನಸ್ಸೊಂದು ಬೇಕು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಹೊಗೆ ಹಗರಣ ಹೊರಬಿದ್ದ ಮೇಲೆ ಐರೋಪ್ಯ ಒಕ್ಕೂಟ 2017ರಿಂದ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯತೊಡಗಿತು. ಭಾರತವೂ 2023ರ ಏಪ್ರಿಲ್ 1ರಿಂದ ಕಾರುಗಳಿಗೆ ಅಂತಹ ಪರೀಕ್ಷೆಯನ್ನು ತಂದಿದೆ. ಕಾರಿನ ಹೊಗೆಯನ್ನು ರಸ್ತೆಯಲ್ಲಿ ಅಳೆಯಬಲ್ಲ ದೇಶಕ್ಕೆ ಬಡವನ ಬೈಕಿನ ದೂರವನ್ನು ರಸ್ತೆಯಲ್ಲಿ ಅಳೆಯಲು ಏನು ಅಡ್ಡಿ?

ಪೆಟ್ರೋಲ್ ಬೈಕುಗಳ ಮೈಲೇಜಿನ ಸಂಖ್ಯೆಯೂ ಉಬ್ಬಿದ್ದೇ ಅಲ್ಲವೇ ಎಂದು ಇನ್ನೊಂದು ಆಕ್ಷೇಪ. ಹೌದು. ಆದರೆ ಪೆಟ್ರೋಲ್ ಮುಗಿದರೆ ದಾರಿಯಲ್ಲಿಯೇ ಬಂಕು ಸಿಗುತ್ತದೆ, ಐದು ನಿಮಿಷದಲ್ಲಿ ಟ್ಯಾಂಕು ತುಂಬುತ್ತದೆ. ಬ್ಯಾಟರಿ ಮುಗಿದರೆ ಗಂಟೆಗಟ್ಟಲೆ ಕಾಯಬೇಕು, ಅದೂ ವಿದ್ಯುತ್ ಇದ್ದರೆ. ಒಂದರ ಸುಳ್ಳು ಕೆಲವು ರೂಪಾಯಿಗಳ ನಷ್ಟ. ಇನ್ನೊಂದರ ಸುಳ್ಳು ನಡುದಾರಿಯ ನಿಲುಗಡೆ.

ವಿಮರ್ಶೆಯೆಂಬ ಎರವಲು ಸವಾರಿ

ಸರ್ಕಾರದ ಪರೀಕ್ಷೆ ಹೀಗಿರುವಾಗ ಗ್ರಾಹಕನಿಗೆ ಉಳಿದ ದಾರಿ ವಿಮರ್ಶಕರದು. ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ, ಮೊಬೈಲಿನ ಪರದೆಯಲ್ಲಿ ವಾಹನ ವಿಮರ್ಶೆಗಳಿಗೆ ಕೊರತೆಯಿಲ್ಲ. ಅವುಗಳ ಹುಟ್ಟನ್ನು ಗಮನಿಸಿದರೆ ಸತ್ಯ ಗೋಚರಿಸುತ್ತದೆ. ಹೊಸ ಮಾದರಿ ಬಿಡುಗಡೆಯಾದ ದಿನ ಕಂಪನಿಯೇ ವಿಮರ್ಶಕರನ್ನು ಆಹ್ವಾನಿಸುತ್ತದೆ. ಚೆನ್ನಾಗಿ ಸಿದ್ಧಪಡಿಸಿದ ವಾಹನವನ್ನು ಕಂಪನಿಯೇ ಎರವಲು ಕೊಡುತ್ತದೆ. ನುಣುಪಾದ ರಸ್ತೆಯಲ್ಲಿ ಕೆಲವು ಗಂಟೆಗಳ ಸವಾರಿ, ಒಬ್ಬನೇ ಸವಾರ. ಮರುದಿನ ಅದೇ ಪತ್ರಿಕೆಯಲ್ಲಿ ವಿಮರ್ಶೆಯೂ ಜಾಹೀರಾತೂ ಅಕ್ಕಪಕ್ಕದ ಪುಟಗಳಲ್ಲಿ. ಉಂಡ ಮನೆಯ ಅಡುಗೆಯನ್ನು ಅಂಗಳದಲ್ಲಿಯೇ ನಿಂತು ಹಳಿಯುವವರು ಎಷ್ಟು ಮಂದಿ?

ವಿಮರ್ಶಕರೆಲ್ಲರೂ ಮಾರಿಕೊಂಡವರೆಂದು ಇದರ ಅರ್ಥವಲ್ಲ. ಸ್ವಂತ ಹಣದಿಂದ ವಾಹನ ಕೊಂಡು, ಸಾವಿರಾರು ಕಿಲೋಮೀಟರು ಓಡಿಸಿ, ಕೆಟ್ಟದ್ದನ್ನು ಕೆಟ್ಟದ್ದೆಂದೇ ಹೇಳಿದವರೂ ಇದ್ದಾರೆ. ಆದರೆ ವಿಮರ್ಶೆಯ ಸಾಮಾನ್ಯ ಕ್ರಮದಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಸೆಕೆಂಡಿನಲ್ಲಿ 40ರ ವೇಗ ಮುಟ್ಟುತ್ತದೆ, ಪರದೆ ಎಷ್ಟು ಅಂಗುಲ, ಹಾಡು ಕೇಳಬಹುದೇ, ಬಣ್ಣಗಳೆಷ್ಟು. ಬಳ್ಳಾರಿಯ ಕಾರ್ಮಿಕನ ಪ್ರಶ್ನೆಗಳು ಇವಲ್ಲ. ಜೀನ್ಸ್ ಗಂಟನ್ನು ಎಲ್ಲಿ ಇಡುವುದು? ಕೆಟ್ಟರೆ ದುರಸ್ತಿ ಯಾವ ಊರಿನಲ್ಲಿ, ಎಷ್ಟು ದಿನ? ಬಿಡಿಭಾಗ ತೆಕ್ಕಲಕೋಟೆಯಲ್ಲಿ ಸಿಗುವುದೇ? ವಾರಂಟಿ ಮುಗಿದ ಮೇಲೆ ಬ್ಯಾಟರಿಯ ಬೆಲೆಯೇನು? ಮೂರು ವರ್ಷದ ನಂತರ ಮಾರಿದರೆ ಕೊಳ್ಳುವವರಾರು?

ದುರಸ್ತಿಯ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ಕಲ್ಯಾಣ ಕರ್ನಾಟಕ ಕಣ್ಣಾರೆ ಕಂಡಿದೆ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ, ಕೊಂಡ ಕೆಲವೇ ದಿನಗಳಲ್ಲಿ ಕೆಟ್ಟ ವಾಹನದ ದುರಸ್ತಿಗೆ ಅಲೆದು ರೋಸಿದ ಯುವಕನೊಬ್ಬ ಮಳಿಗೆಗೇ ಬೆಂಕಿ ಹಚ್ಚಿದ ಆರೋಪದ ಮೇಲೆ ಬಂಧಿತನಾದ. ಬೆಂಕಿ ಹಚ್ಚುವುದು ಅಪರಾಧವೇ ಸರಿ. ಆದರೆ ಮರುತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕ ಸಹಾಯವಾಣಿಗೆ ಬಂದ 10,000ಕ್ಕೂ ಹೆಚ್ಚು ದೂರುಗಳನ್ನು ಆಧರಿಸಿ ದೊಡ್ಡ ತಯಾರಕ ಕಂಪನಿಯೊಂದಕ್ಕೆ ನೋಟೀಸು ಕೊಟ್ಟಿತು. ಬಿಡುಗಡೆಯ ದಿನದ ಎರವಲು ಸವಾರಿಯ ವಿಮರ್ಶೆ ಈ ದೂರುಗಳಲ್ಲಿ ಯಾವುದನ್ನು ಮುಂಗಾಣಬಲ್ಲುದಾಗಿತ್ತು? ಒಂದು ದಿನದ ಸವಾರಿಯಿಂದ ಹತ್ತು ವರ್ಷದ ಬಾಳಿಕೆಯನ್ನು ಹೇಳುವವನು ವಿಮರ್ಶಕನಲ್ಲ, ಜ್ಯೋತಿಷಿ.

ಹೆಣ ಬಿದ್ದ ಮೇಲೆ ನಿಯಮ

ಪರೀಕ್ಷೆಯ ನಿಯಮಗಳು ಬದಲಾಗುವುದೇ ಇಲ್ಲವೆಂದು ಹೇಳಲಾಗದು. ಬದಲಾಗುತ್ತವೆ, ಆದರೆ ತೆರಬೇಕಾದ ಬೆಲೆ ಭೀಕರ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಚಾರ್ಜಿಗೆ ಇಟ್ಟ ವಿದ್ಯುತ್ ಬೈಕು ರಾತ್ರಿ ಹೊತ್ತಿಕೊಂಡು ತಂದೆ ಮತ್ತು ಮಗಳು ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೋಟೆಲ್ ಕಟ್ಟಡದ ಕೆಳಗಿದ್ದ ವಿದ್ಯುತ್ ಸ್ಕೂಟರ್ ಮಳಿಗೆಯಿಂದ ಎದ್ದ ಬೆಂಕಿಗೆ 8 ಮಂದಿ ಬಲಿಯಾದರು. ಹೊತ್ತಿ ಉರಿದ ವಾಹನಗಳು ಪ್ರಮಾಣಪತ್ರವಿಲ್ಲದೆ ಕಳ್ಳದಾರಿಯಲ್ಲಿ ಬಂದವಾಗಿದ್ದವೇ? ಆ ವರ್ಷ ಬೆಂಕಿಯ ಸುದ್ದಿಯಾದವುಗಳಲ್ಲಿ ಅಧಿಕೃತವಾಗಿ ಮಾರಾಟವಾದ ಹೆಸರಾಂತ ಮಾದರಿಗಳೂ ಇದ್ದವು. ಆ ನಂತರವೇ ಎಐಎಸ್ 156 ಎಂಬ ಮಾನದಂಡಕ್ಕೆ ತಿದ್ದುಪಡಿ ಬಂದು, ಒಂದು ಕೋಶದ ಬೆಂಕಿ ಇನ್ನೊಂದಕ್ಕೆ ಹರಡುವುದನ್ನು ಪರೀಕ್ಷಿಸುವ ಕಟ್ಟುನಿಟ್ಟಿನ ನಿಯಮಗಳು 2022ರ ಡಿಸೆಂಬರ್ 1ರಿಂದ ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಯಾದವು.

ಪ್ರಮಾಣಪತ್ರವೇ ಎಲ್ಲಕ್ಕೂ ಸಾಕ್ಷಿಯೆನ್ನುವವರಿಗೆ 2023ರ ಇನ್ನೊಂದು ಸಂಗತಿಯನ್ನು ನೆನಪಿಸಬೇಕು. ದೇಶೀಯ ಬಿಡಿಭಾಗಗಳ ಷರತ್ತನ್ನು ಮುರಿದು ಸಹಾಯಧನ ಪಡೆದರೆಂದು 7 ತಯಾರಕ ಕಂಪನಿಗಳಿಂದ ಕೇಂದ್ರ ಸರ್ಕಾರ ಸುಮಾರು 469 ಕೋಟಿ ರೂಪಾಯಿಗಳನ್ನು ಹಿಂದಕ್ಕೆ ಕೇಳಿತು. ಕಾಗದದಲ್ಲಿ ಎಲ್ಲವೂ ಸರಿಯಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹಳ್ಳಿಗರಿಗೆ ಗೊತ್ತು, ಇಲಾಖೆಗಳಿಗೆ ತಡವಾಗಿ ಗೊತ್ತಾಗುತ್ತದೆ.

ಹಸಿರಿನ ಹೆಸರಿನಲ್ಲಿ

ಇಷ್ಟೆಲ್ಲ ಹೇಳುವುದು ವಿದ್ಯುತ್ ವಾಹನದ ವಿರೋಧವೆಂದು ಯಾರೂ ಭಾವಿಸಬಾರದು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 50 ಕಿಲೋಮೀಟರು ಓಡುವ ಸ್ಕೂಟರು 100 ಕಿಲೋಮೀಟರಿಗೆ 4.6 ಕಿಲೋ ಉಗುಳುತ್ತದೆ. ಅದೇ ದೂರಕ್ಕೆ 3.5 ಯೂನಿಟ್ ಬಳಸುವ ವಿದ್ಯುತ್ ಸ್ಕೂಟರು, ದೇಶದ ಸರಾಸರಿ ವಿದ್ಯುತ್ತಿನ ಲೆಕ್ಕದಲ್ಲಿ, ಸುಮಾರು 2.5 ಕಿಲೋ. ಲಾಭ ನಿಜ. ಆದರೆ ಜಾಹೀರಾತಿನ 'ಶೂನ್ಯ ಹೊಗೆ' ನಿಜವಲ್ಲ. ಸ್ಕೂಟರಿನ ಹಿಂಬದಿಯಿಂದ ಮಾಯವಾದ ಹೊಗೆ ಬಳ್ಳಾರಿಯ ಪಕ್ಕದ ಕುಡಿತಿನಿಯ 1,700 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರದ ಚಿಮಣಿಯಲ್ಲಿ ಕಾಣಿಸುತ್ತದೆ. ಬೆಂಗಳೂರಿನ ಗಾಳಿ ತಿಳಿಯಾದರೆ ಸಂತೋಷವೇ, ಆದರೆ ಕುಡಿತಿನಿಯ ಬೂದಿ ಯಾರ ಲೆಕ್ಕಕ್ಕೆ?

ಮಲೆನಾಡಿಗೂ ಇದೇ ಪ್ರಶ್ನೆ. ನಾಡಿಗೆ ಬೆಳಕು ಕೊಡಲೆಂದು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಸಂತತಿ ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದೆ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು 'ಹಸಿರು ಶಕ್ತಿಯ ಶೇಖರಣೆ' ಎಂಬ ಹೆಸರಿನಲ್ಲಿ ಮುಂದಿಡಲಾಗಿದೆ. ಹಸಿರು ಎಂಬ ಪದ ಬಳಕೆಯಾದ ಕಡೆಯಲ್ಲೆಲ್ಲ ಅಳತೆ ಕೇಳುವ ಹಕ್ಕು ಜನರಿಗೆ ಇರಬೇಕು. ಸ್ಕೂಟರಿನ ದೂರದಲ್ಲಿ ಸುಳ್ಳನ್ನು ಸಹಿಸಿದ ಸಮಾಜ ಅಣೆಕಟ್ಟಿನ ಲಾಭದಲ್ಲಿಯೂ ಸುಳ್ಳನ್ನು ಸಹಿಸುತ್ತದೆ. ಅಷ್ಟೇ ಅಲ್ಲ, ಉಬ್ಬಿದ ಸಂಖ್ಯೆಯನ್ನು ನಂಬಿ ಮೋಸಹೋದ ರೈತ ಪೆಟ್ರೋಲಿಗೆ ಮರಳುತ್ತಾನೆ, ಪರಿಸರದ ಮಾತೆಲ್ಲ ಮೋಸವೆಂದು ಊರಿನವರಿಗೂ ಹೇಳುತ್ತಾನೆ. ಒಳ್ಳೆಯ ತಂತ್ರಜ್ಞಾನಕ್ಕೆ ಅದರ ವಿರೋಧಿಗಳಿಗಿಂತ ಅದನ್ನು ಉಬ್ಬಿಸಿ ಮಾರುವವರಿಂದಲೇ ಹೆಚ್ಚಿನ ಹಾನಿ.

ಆಗಬೇಕಾದುದೇನು?

ಮೊದಲನೆಯದಾಗಿ, ಪ್ರತಿ ವಾಹನದ ಮೇಲೂ ಒಂದರ ಬದಲು ಮೂರು ಸಂಖ್ಯೆಗಳು ಸಮಾನ ಗಾತ್ರದ ಅಕ್ಷರಗಳಲ್ಲಿ ಇರಬೇಕು: ಪ್ರಯೋಗಾಲಯದ ದೂರ, ಇಬ್ಬರು ಸವಾರರೊಡನೆ ಹೆದ್ದಾರಿಯ ದೂರ, ಬ್ಯಾಟರಿ ಶೇ. 70ಕ್ಕೆ ಇಳಿದಾಗಿನ ದೂರ. ಎರಡನೆಯದಾಗಿ, 40 ಡಿಗ್ರಿಗೂ ಮೇಲಿನ ಶಾಖದಲ್ಲಿ ಮತ್ತು ಘಟ್ಟದ ಏರಿನಲ್ಲಿ ಪರೀಕ್ಷೆ ಕಡ್ಡಾಯವಾಗಬೇಕು. ಮೂರನೆಯದಾಗಿ, ಸಾರ್ವಜನಿಕರ ಸಹಾಯಧನವಾಗಲಿ ತೆರಿಗೆ ವಿನಾಯಿತಿಯಾಗಲಿ ರಸ್ತೆಯ ಮೇಲಿನ ಅಳತೆಗೆ ಮಾತ್ರ ಸಲ್ಲಬೇಕು. 2017ರಲ್ಲಿ ದೇಶದಲ್ಲಿಯೇ ಮೊದಲಾಗಿ ವಿದ್ಯುತ್ ವಾಹನ ನೀತಿಯನ್ನು ರೂಪಿಸಿದ ಕರ್ನಾಟಕ ಈ ವಿಷಯದಲ್ಲಿಯೂ ಮೊದಲಿಗನಾಗಲಿ. ನಾಲ್ಕನೆಯದಾಗಿ, ವಾಹನವನ್ನು ಯಾರು ಕೊಟ್ಟರು, ಎಷ್ಟು ದಿನ, ಎಷ್ಟು ಕಿಲೋಮೀಟರು, ಎಷ್ಟು ಭಾರ ಎಂಬುದನ್ನು ಪ್ರತಿ ವಿಮರ್ಶಕನೂ ಮೊದಲ ಸಾಲಿನಲ್ಲಿಯೇ ಹೇಳಬೇಕು. ತಪ್ಪುದಾರಿಗೆಳೆಯುವ ಜಾಹೀರಾತುಗಳ ತಡೆಗೆ 2022ರ ಜೂನಿನಲ್ಲಿಯೇ ಮಾರ್ಗಸೂಚಿ ಬಂದಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಗಳಿವೆ. ಅವನ್ನು ಬಳಸುವವರು ಬೇಕು.

ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಮಲೆನಾಡಿನ ಪಟ್ಟಣಗಳಲ್ಲಿಯೂ ಇವೆ. ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ ಇದ್ದರೆ ವಿದ್ಯಾರ್ಥಿಗಳೇ ಪರೀಕ್ಷೆ ನಡೆಸಬಹುದು. ಊರಿನಲ್ಲಿ ಈಗಾಗಲೇ ಓಡುತ್ತಿರುವ, ಒಂದು, ಎರಡು, ಮೂರು ವರ್ಷ ಹಳೆಯದಾದ ವಾಹನಗಳನ್ನು ಆರಿಸಿಕೊಳ್ಳಬೇಕು. ಪೂರ್ಣ ಚಾರ್ಜು ಮಾಡಿ, ಟೈರಿನ ಗಾಳಿ ಸರಿಪಡಿಸಿ, ಸವಾರರ ಮತ್ತು ಹೊರೆಯ ತೂಕ ಬರೆದು, ಹೊರಟ ಹೊತ್ತು ಹಾಗೂ ಉಷ್ಣಾಂಶವನ್ನು ದಾಖಲಿಸಬೇಕು. ಗೊತ್ತುಪಡಿಸಿದ ಒಂದೇ ಹಾದಿಯಲ್ಲಿ ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಬಾರಿ ಓಡಿಸಬೇಕು. ಹತ್ತಿರದಲ್ಲಿ ಚಾರ್ಜಿನ ಅನುಕೂಲವಿರುವ ಹಾದಿಯಾದರೆ ಉತ್ತಮ. ಮರುಚಾರ್ಜಿಗೆ ಎಷ್ಟು ಯೂನಿಟ್ ಹಿಡಿಯಿತೆಂದು ಮೀಟರಿನಿಂದ ಓದಬೇಕು, ಏಕೆಂದರೆ ವಾಹನದ ಪರದೆಯೂ ಕಂಪನಿಯದೇ. ಬಳ್ಳಾರಿ–ಸಿರುಗುಪ್ಪ ಒಂದು ಹಾದಿಯಾಗಲಿ, ಬಳ್ಳಾರಿ–ಕುರುಗೋಡು ಇನ್ನೊಂದಾಗಲಿ, ಘಟ್ಟದ ಏರು ಮೂರನೆಯದಾಗಲಿ. ಫಲಿತಾಂಶ ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಪಂಚಾಯಿತಿಯ ಫಲಕದಲ್ಲಿ, ಹಾಲಿನ ಡೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ.

ಅಂತಹ ಮೂವತ್ತು ವಾಹನಗಳ ಲೆಕ್ಕ ಒಂದೆಡೆ ಸೇರಿದರೆ ಅದನ್ನು ಯಾವ ಕಂಪನಿಯೂ, ಯಾವ ಇಲಾಖೆಯೂ ತಳ್ಳಿಹಾಕಲಾರದು. ಮಳೆಯ ಲೆಕ್ಕವನ್ನೂ ಇಳುವರಿಯ ಲೆಕ್ಕವನ್ನೂ ತಲೆಮಾರುಗಳಿಂದ ನೆನಪಿನಲ್ಲಿಟ್ಟ ಜನಕ್ಕೆ ಕಿಲೋಮೀಟರಿನ ಲೆಕ್ಕ ಇಡುವುದು ಹೊರೆಯಲ್ಲ. ಅಳತೆಗೋಲು ಪುಣೆಯಲ್ಲಿಯೇ ಇರಲಿ, ಆದರೆ ಅದರ ಇನ್ನೊಂದು ತುದಿ ಸಿರುಗುಪ್ಪದ ರೈತನ ಕೈಯಲ್ಲಿರಲಿ.